ಹೆಸರು ಯಾವ ರಿಜಿಸ್ಟರ್‌ನಲ್ಲಿ?

ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಏನಂದರು, ಯಾರು ದೆಹಲಿಗೆ ಹೋದರು, ಯಾರು ವಾಪಸ್ ಬಂದರು, ಅದನ್ನೆಲ್ಲ ನಾಳೆ ನೋಡೋಣ. ಇವತ್ತು ಒಂದು ಗೋಡೆಯ ಬಗ್ಗೆ ಮಾತಾಡಬೇಕು ಅನ್ನಿಸ್ತಿದೆ.

ಹೋದ ವಾರ ಒಂದು ತಾಲ್ಲೂಕು ಕೇಂದ್ರಕ್ಕೆ ಶೂಟಿಂಗ್‌ಗೆ ಹೋಗಿದ್ದೆ. ಸರ್ಕಾರಿ ಪ್ರೌಢಶಾಲೆಯ ಛಾವಣಿ ಸೋರುತ್ತೆ ಅನ್ನೋದು ಸುದ್ದಿ. ಛಾವಣಿ ಸೋರುತ್ತಿತ್ತು, ತೋರಿಸಿದೆವು, ಆಯಿತು. ನಮ್ಮ ಕ್ಯಾಮೆರಾಮನ್ ಟ್ರೈಪಾಡ್ ಮಡಚುತ್ತಿದ್ದಾಗ ನಾನು ಶಾಲೆಯ ಹಿಂದಕ್ಕೆ ಹೋದೆ. ಅಲ್ಲಿ ಎದೆಮಟ್ಟದ ಒಂದು ಕಾಂಪೌಂಡ್. ಏಳೆಂಟು ಮಕ್ಕಳು ಅದಕ್ಕೆ ಆನಿಕೊಂಡು ಆಚೆ ನೋಡುತ್ತಾ ನಿಂತಿದ್ದರು. ಆಚೆ ಕಡೆ ಸರ್ಕಾರಿ ಐಟಿಐ. ಹೊಸದಾಗಿ ಬಣ್ಣ ಹೊಡೆದ ಶೆಡ್, ದೊಡ್ಡ ಗಾಜಿನ ಕಿಟಕಿ. ಒಳಗೆ ಒಂದು ಸಿಎನ್‌ಸಿ ಮಷೀನ್. ಕಂಪ್ಯೂಟರ್‌ನಲ್ಲಿ ಅಳತೆ ಕೊಟ್ಟರೆ ತಾನೇ ಕಬ್ಬಿಣ ಕೊರೆಯುತ್ತಲ್ಲ, ಆ ಮಷೀನ್. ಆವತ್ತು ಅದು ಓಡ್ತಾ ಇರಲಿಲ್ಲ. ಸುಮ್ಮನೆ ನಿಂತಿತ್ತು. ಈ ಮಕ್ಕಳು ಸುಮ್ಮನೆ ನಿಂತಿದ್ದ ಮಷೀನನ್ನೇ ನೋಡ್ತಿದ್ದರು.

ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು: "ಮಿಸ್, ಆ ಮಷೀನ್ ಮುಟ್ಟಬೇಕು ಅಂದ್ರೆ ಏನು ಓದಬೇಕು?"

ನಾನು ಇಂಜಿನಿಯರಿಂಗ್ ಓದಿದವಳು. ಉತ್ತರ ಗೊತ್ತಿತ್ತು. "ಮೊದಲು ಎಸ್‌ಎಸ್‌ಎಲ್‌ಸಿ ಪಾಸಾಗಬೇಕು. ಆಮೇಲೆ ಐಟಿಐಗೆ ಅರ್ಜಿ ಹಾಕಬೇಕು. ಸೀಟು ಸಿಕ್ಕರೆ ಸೇರಬಹುದು. ಇನ್ನೊಂದೆರಡು ವರ್ಷ ಆಗುತ್ತೆ" ಅಂದೆ.

ಅವಳು ಗೋಡೆ ಕಡೆ ಕೈ ತೋರಿಸಿ, "ಇಲ್ಲೇ ಇದೆಯಲ್ಲ ಮಿಸ್" ಅಂದಳು.

ಇಷ್ಟೇ ನಡೆದದ್ದು. ಅಷ್ಟರಲ್ಲಿ ಬೆಲ್ ಹೊಡೆಯಿತು, ಮಕ್ಕಳು ಓಡಿದರು. ಆದರೆ ಆ ಹುಡುಗಿ ಹೇಳಿದ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೂತಿತ್ತು. ಯಾಕೆ ಅಂದರೆ ಇಪ್ಪತ್ತು ವರ್ಷದ ಹಿಂದೆ ಅಂಥದ್ದೇ ಒಂದು ಗೋಡೆಯ ಈಚೆ ನಾನೂ ನಿಂತಿದ್ದೆ.

ನಾನು ಓದಿದ್ದು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ನಮ್ಮಪ್ಪನಿಗೆ ಬಸ್ ಸ್ಟ್ಯಾಂಡ್ ಹತ್ತಿರ ಟೈಲರಿಂಗ್ ಅಂಗಡಿ. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಪುಸ್ತಕದಲ್ಲಿ ಕಂಪ್ಯೂಟರ್‌ನ ಚಿತ್ರ ಇತ್ತು. ಮಾನಿಟರ್, ಸಿಪಿಯು, ಕೀಬೋರ್ಡ್, ಮೌಸ್ ಅಂತ ಬಾಣದ ಗುರುತು ಹಾಕಿ ಹೆಸರು ಬರೆಯೋದು. ಪರೀಕ್ಷೆಯಲ್ಲಿ ಪೂರ್ತಿ ಅಂಕ ಬರ್ತಿತ್ತು. ನಮ್ಮ ಶಾಲೆ ಪಕ್ಕದಲ್ಲೇ ಒಂದು ಡಿಗ್ರಿ ಕಾಲೇಜು ಇತ್ತು. ಅಲ್ಲಿ ಕಂಪ್ಯೂಟರ್ ಲ್ಯಾಬ್ ಇತ್ತು. ಕಿಟಕಿಯಿಂದ ನೋಡಿದರೆ ಹತ್ತು ಹನ್ನೆರಡು ಮಾನಿಟರ್, ಅವುಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ. ಧೂಳು ಬೀಳಬಾರದು ಅಂತ.

ಆ ಕಾಲೇಜಿನ ಒಬ್ಬರು ಮೇಷ್ಟ್ರು ನಮ್ಮಪ್ಪನ ಅಂಗಡಿಗೆ ಬರ್ತಿದ್ದರು. ಅವರಾಗಿಯೇ ಒಂದು ದಿನ, "ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುತ್ತೆ. ಬೇಕಿದ್ರೆ ಬಾಮ್ಮಾ, ನಿನ್ನ ಜೊತೆ ಇನ್ನು ಯಾರಾದ್ರೂ ಇದ್ರೆ ಕರ್ಕೊಂಡ್ ಬಾ" ಅಂದರು. ಆರು ಜನ ಹೋದೆವು. ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನಕ್ಕೆ ಹೋದ ಹಾಗೆ ಒಳಗೆ ಹೋದೆವು. ಮೊದಲನೇ ಶನಿವಾರ ಮೌಸ್ ಹಿಡಿಯೋದು. ಎರಡನೇ ಶನಿವಾರ ನಮ್ಮ ಹೆಸರು ಟೈಪ್ ಮಾಡೋದು. ಐದನೇ ಶನಿವಾರ ಏಳರ ಮಗ್ಗಿ ತಾನಾಗಿ ಬರೋ ಹಾಗೆ ನಾಲ್ಕು ಸಾಲಿನ ಪ್ರೋಗ್ರಾಂ ಬರೆಸಿದರು. ಎಂಟರ್ ಒತ್ತಿದ ತಕ್ಷಣ ಏಳು, ಹದಿನಾಲ್ಕು, ಇಪ್ಪತ್ತೊಂದು ಅಂತ ಸಾಲಾಗಿ ಬಂತಲ್ಲ, ಆ ಖುಷಿ ನನಗೆ ಇನ್ನೂ ನೆನಪಿದೆ.

ಆರನೇ ಶನಿವಾರ ಲ್ಯಾಬ್‌ಗೆ ಬೀಗ. ಮೇಷ್ಟ್ರು ಹೊರಗೆ ನಿಂತಿದ್ದರು. ಏನೂ ಒಡೆದಿರಲಿಲ್ಲ, ಯಾರೂ ಗಲಾಟೆ ಮಾಡಿರಲಿಲ್ಲ. ಆಡಳಿತ ಮಂಡಳಿಯವರು ಒಂದು ಪ್ರಶ್ನೆ ಕೇಳಿದ್ದರಂತೆ: "ಈ ಮಕ್ಕಳ ಹೆಸರು ನಮ್ಮ ಯಾವ ರಿಜಿಸ್ಟರ್‌ನಲ್ಲಿದೆ? ನಾಳೆ ಏನಾದ್ರೂ ಆದ್ರೆ ಹೊಣೆ ಯಾರು?" ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹೆಡ್‌ಮಾಸ್ಟರ್ ಹತ್ತಿರವೂ ಇರಲಿಲ್ಲ. ಅಲ್ಲಿಗೆ ಮುಗಿಯಿತು.

ಐದು ಶನಿವಾರ, ಎರಡೆರಡು ಗಂಟೆ. ಒಟ್ಟು ಹತ್ತು ಗಂಟೆ. ಮುಂದೆ ನಾನು ಪಿಯುಸಿ ಮುಗಿಸಿ, ಸಿಇಟಿ ಬರೆದು, ಇಂಜಿನಿಯರಿಂಗ್ ಸೇರಿದೆ. ಮೊದಲನೇ ವರ್ಷ ಸಿ ಪ್ರೋಗ್ರಾಮಿಂಗ್ ಲ್ಯಾಬ್. ಬೆಂಗಳೂರಿನ ಮಕ್ಕಳು ಟಕಟಕ ಅಂತ ಟೈಪ್ ಮಾಡ್ತಿದ್ದರೆ ನನ್ನ ಪಕ್ಕ ಕೂತಿದ್ದ, ನನ್ನ ಹಾಗೇ ಹಳ್ಳಿಯಿಂದ ಬಂದಿದ್ದ ಹುಡುಗನಿಗೆ ಕಂಪ್ಯೂಟರ್ ಆನ್ ಮಾಡೋದು ಎಲ್ಲಿ ಅಂತ ಗೊತ್ತಿರಲಿಲ್ಲ. ಕೇಳೋಕೆ ನಾಚಿಕೆ. ಇಪ್ಪತ್ತು ನಿಮಿಷ ಕತ್ತಲೆ ಪರದೆ ಮುಂದೆ ಕೂತಿದ್ದ. ನನಗೆ ಗೊತ್ತಿತ್ತು. ಆ ಹತ್ತು ಗಂಟೆ ನನಗೆ ಕೊಟ್ಟಿದ್ದು ದೊಡ್ಡ ವಿದ್ಯೆ ಏನಲ್ಲ. ಹೆದರಿಕೆ ತೆಗೆದಿತ್ತು, ಅಷ್ಟೇ. ಆದರೆ ಅದು ಸಣ್ಣದಾ? ಯೋಚನೆ ಮಾಡಿ.

ಈಗ ಪ್ರಶ್ನೆಗೆ ಬರ್ತೀನಿ. ಒಂದು ಮಗು ಒಂದು ಶಾಲೆಯ ವಿದ್ಯಾರ್ಥಿಯಾಗಿದ್ದುಕೊಂಡೇ, ಇನ್ನೊಂದು ಸಂಸ್ಥೆಗೆ ಹೋಗಿ ಒಂದೋ ಎರಡೋ ವಿಷಯ ಕಲಿಯಬಹುದಾ? ಕದ್ದುಮುಚ್ಚಿ ಅಲ್ಲ. ಯಾರದೋ ಒಳ್ಳೆಯತನದ ಮೇಲೂ ಅಲ್ಲ. ಹಕ್ಕಾಗಿ, ಲೆಕ್ಕದಲ್ಲಿ, ಎರಡೂ ಕಡೆ ಹೆಸರು ಬರೆಸಿಕೊಂಡು.

ಕಲಿಯಬಹುದು ಅಂತ ಕಾನೂನು ಮಾಡಿದವರಿದ್ದಾರೆ. ಅಮೆರಿಕದ ಉತ್ತರ ತುದಿಯಲ್ಲಿ ಮಿನ್ನೆಸೋಟ ಅಂತ ಒಂದು ರಾಜ್ಯ. 1985ರಲ್ಲಿ ಅಲ್ಲಿ ರೂಡಿ ಪರ್ಪಿಚ್ ಅನ್ನುವವರು ಗವರ್ನರ್. ಕಬ್ಬಿಣದ ಗಣಿ ಕಾರ್ಮಿಕನ ಮಗ. ಕ್ರೊಯೇಷಿಯಾದಿಂದ ವಲಸೆ ಹೋದ ಕುಟುಂಬ. ಶಾಲೆಗೆ ಸೇರುವವರೆಗೆ ಆ ಮನುಷ್ಯನಿಗೆ ಇಂಗ್ಲಿಷೇ ಬರ್ತಿರಲಿಲ್ಲ. ಆಮೇಲೆ ಓದಿ ದಂತವೈದ್ಯರಾಗಿ, ರಾಜಕೀಯಕ್ಕೆ ಬಂದವರು. ಇವರ ಕಾಲದಲ್ಲಿ ಒಂದು ಕಾಯ್ದೆ ಬಂತು. ಸರ್ಕಾರಿ ಹೈಸ್ಕೂಲಿನ 11 ಮತ್ತು 12ನೇ ತರಗತಿ ಮಕ್ಕಳು ಹತ್ತಿರದ ಕಾಲೇಜಿಗೆ ಹೋಗಿ ಪಾಠ ಕೇಳಬಹುದು. ಒಂದು ವಿಷಯ ಬೇಕಾದರೆ ಒಂದು, ಪೂರ್ತಿ ದಿನ ಬೇಕಾದರೆ ಪೂರ್ತಿ ದಿನ. ಫೀಸು ಇಲ್ಲ. ಪಠ್ಯಪುಸ್ತಕಕ್ಕೂ ದುಡ್ಡಿಲ್ಲ. ಅಲ್ಲಿ ಪಾಸಾದ ವಿಷಯ ಹೈಸ್ಕೂಲಿನ ಲೆಕ್ಕಕ್ಕೂ ಬರುತ್ತೆ, ಮುಂದೆ ಕಾಲೇಜಿನ ಲೆಕ್ಕಕ್ಕೂ ಬರುತ್ತೆ. ಅಮೆರಿಕದಲ್ಲಿ ರಾಜ್ಯಮಟ್ಟದಲ್ಲಿ ಇಂಥ ಕಾಯ್ದೆ ಮಾಡಿದ್ದು ಇದೇ ಮೊದಲು.

ಹಣ ಎಲ್ಲಿಂದ ಬಂತು ಅಂತ ಕೇಳ್ತೀರಿ. ಆ ಮಗುವಿಗಾಗಿ ಸರ್ಕಾರ ಶಾಲೆಗೆ ಕೊಡುತ್ತಿದ್ದ ಹಣದಲ್ಲಿ ಒಂದು ಪಾಲು ಆ ಮಗು ಹೋದ ಕಾಲೇಜಿಗೆ ಹೋಗುತ್ತೆ. ಮಗು ಎಲ್ಲಿ ಕಲಿಯುತ್ತೋ ಹಣ ಅಲ್ಲಿಗೆ. ಸಹಜವಾಗಿ ಗಲಾಟೆ ಆಯ್ತು. ಶಾಲಾ ಮಂಡಳಿಗಳು ವಿರೋಧಿಸಿದವು, ಶಿಕ್ಷಕರ ಸಂಘಟನೆಗಳು ವಿರೋಧಿಸಿದವು. ನಮ್ಮ ಮಕ್ಕಳನ್ನೂ ನಮ್ಮ ಹಣವನ್ನೂ ಕಿತ್ತುಕೊಳ್ತಾರೆ ಅನ್ನೋದು ಅವರ ದೂರು. ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕಾಯ್ದೆಯನ್ನು ವಿಧಾನಸಭೆಯಲ್ಲಿ ಮುಂದೆ ತಂದವರು ಕಾನಿ ಲೆವಿ. ಅವರು ಪರ್ಪಿಚ್ ಅವರ ಪಕ್ಷದವರಲ್ಲ, ಎದುರು ಪಕ್ಷದ ನಾಯಕಿ. ಮಕ್ಕಳ ವಿಷಯಕ್ಕೆ ಇಬ್ಬರೂ ಒಂದಾದರು. ನಮ್ಮಲ್ಲಿ ಇಂಥದ್ದನ್ನು ಕೊನೆಯದಾಗಿ ಯಾವಾಗ ನೋಡಿದಿರಿ ಅಂತ ನಾನು ಕೇಳಲ್ಲ. ನೀವೇ ಕೇಳಿಕೊಳ್ಳಿ.

ಐದು ವರ್ಷದ ನಂತರ, 1990ರಲ್ಲಿ, ವಾಷಿಂಗ್ಟನ್ ರಾಜ್ಯ ಇದೇ ದಾರಿ ಹಿಡಿಯಿತು. 'ರನ್ನಿಂಗ್ ಸ್ಟಾರ್ಟ್' ಅಂತ ಹೆಸರಿಟ್ಟರು. ಆಮೇಲೆ ಒಂದೊಂದಾಗಿ ಬೇರೆ ರಾಜ್ಯಗಳು. 2022-23ರಲ್ಲಿ ಇಡೀ ಅಮೆರಿಕದಲ್ಲಿ ಸುಮಾರು 25 ಲಕ್ಷ ಹೈಸ್ಕೂಲ್ ಮಕ್ಕಳು ಕಡೇಪಕ್ಷ ಒಂದಾದರೂ ಕಾಲೇಜು ವಿಷಯ ಓದಿದ್ದಾರೆ.

ಅಮೆರಿಕ ಅಂದ ತಕ್ಷಣ ಎಲ್ಲ ಚಿನ್ನ ಅಂದ್ಕೋಬೇಡಿ. ಅಲ್ಲೂ ತೊಡಕುಗಳಿವೆ, ಅದನ್ನೂ ಹೇಳಬೇಕು. ಮೊದಲನೆಯದು, ಅಪ್ಪ ಅಮ್ಮ ಓದಿದವರಾಗಿದ್ದರೆ ಅಂಥ ಮನೆಯ ಮಕ್ಕಳೇ ಇದನ್ನು ಹೆಚ್ಚು ಬಳಸಿಕೊಳ್ಳುತ್ತಿದ್ದಾರೆ. ಕಪ್ಪು ಜನಾಂಗದ ಮಕ್ಕಳು, ಬಡ ಮಕ್ಕಳು ಹಿಂದೆ ಉಳಿದಿದ್ದಾರೆ. ಬಾಗಿಲು ತೆರೆದಿದೆ ಅನ್ನೋ ಸುದ್ದಿ ಮೊದಲು ತಲುಪೋದು ಯಾರಿಗೆ ಹೇಳಿ? ಎರಡನೆಯದು, ಓಡಾಟ. ಕಾರಿರುವ ಮನೆಯ ಮಗು ಹೋಗುತ್ತೆ, ಇಲ್ಲದ ಮಗು ಹೇಗೆ ಹೋಗಬೇಕು? ಮಿನ್ನೆಸೋಟದಲ್ಲಿ ಬಡ ಕುಟುಂಬದ ಮಕ್ಕಳಿಗೆ ಓಡಾಟದ ಖರ್ಚು ವಾಪಸ್ ಕೊಡುವ ವ್ಯವಸ್ಥೆ ಮಾಡಿದರು. ಮೂರನೆಯದು, ಕಾಲೇಜಿನಲ್ಲಿ ಫೇಲಾದರೆ ಆ ಅಂಕ ಹದಿನಾರನೇ ವಯಸ್ಸಿಗೇ ಕಾಲೇಜು ದಾಖಲೆಯಲ್ಲಿ ಕೂತುಬಿಡುತ್ತೆ, ಅಳಿಸೋಕೆ ಬರಲ್ಲ. ಹಾಗಾಗಿ ಸುಮ್ಮನೆ ನಕಲು ಮಾಡೋದಲ್ಲ. ಅವರು ನಲವತ್ತು ವರ್ಷ ಎಡವಿ ಎಡವಿ ಕಲಿತಿದ್ದಾರೆ, ಎಲ್ಲಿ ಎಡವಿದರು ಅಂತ ನಾವು ನೋಡಿಕೊಳ್ಳಬಹುದು.

ಈಗ ನಮ್ಮ ಮನೆಗೆ ಬರೋಣ. ನಮ್ಮಲ್ಲಿ ಇದು ಇಲ್ಲವೇ ಇಲ್ಲವಾ? ಇದೆ ಸ್ವಾಮಿ! ಭರ್ಜರಿಯಾಗಿ ಇದೆ. ಆದರೆ ತಲೆಕೆಳಗಾಗಿ ಇದೆ.

'ಡಮ್ಮಿ ಸ್ಕೂಲ್' ಅನ್ನೋ ಪದ ಕೇಳಿದ್ದೀರಲ್ಲ? ಮಗುವಿನ ಹೆಸರು ಒಂದು ಶಾಲೆಯ ರಿಜಿಸ್ಟರ್‌ನಲ್ಲಿ. ಹಾಜರಾತಿ ಅಲ್ಲಿ ಬೀಳುತ್ತೆ. ಮಗು ಮಾತ್ರ ಅಲ್ಲಿಲ್ಲ. ಮಗು ಇರೋದು ಕೋಟಾದಲ್ಲೋ, ದೆಹಲಿಯಲ್ಲೋ, ಇನ್ಯಾವುದೋ ಊರಿನ ಕೋಚಿಂಗ್ ಸೆಂಟರಿನಲ್ಲೋ. ಬೆಳಗಿನಿಂದ ರಾತ್ರಿವರೆಗೆ ನೀಟ್, ಜೆಇಇ. ಬೋರ್ಡ್ ಪರೀಕ್ಷೆ ದಿನ ಮಾತ್ರ ಶಾಲೆಗೆ ಬರುತ್ತೆ. 2024ರ ಮಾರ್ಚ್‌ನಲ್ಲಿ ಸಿಬಿಎಸ್‌ಇ ಇಂಥ ಅಕ್ರಮಗಳಿಗಾಗಿ 20 ಶಾಲೆಗಳ ಮಾನ್ಯತೆ ಕಿತ್ತುಹಾಕಿತು. ಅದೇ ವರ್ಷ ನವೆಂಬರ್‌ನಲ್ಲಿ ದೆಹಲಿ ಮತ್ತು ರಾಜಸ್ಥಾನದ ಇನ್ನೂ 21 ಶಾಲೆಗಳದ್ದು. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. ಹದಿನಾರು ವರ್ಷ ತುಂಬದ ಮಕ್ಕಳನ್ನು ಸೇರಿಸಿಕೊಳ್ಳಬಾರದು, ಶಾಲೆ ನಡೆಯುವ ಹೊತ್ತಿನಲ್ಲಿ ಶಾಲಾ ಮಕ್ಕಳಿಗೆ ಕೋಚಿಂಗ್ ನಡೆಸಬಾರದು. ಯಾಕೆ ಹೀಗೆ ಬರೆಯಬೇಕಾಯ್ತು? ನಡೆಸ್ತಾ ಇದ್ದರು ಅಂತ ತಾನೇ?

ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. ಪಿಯು ಕಾಲೇಜಿನೊಳಗೇ ಕೋಚಿಂಗ್ ಕಂಪನಿಯವರು ಬಂದು ಪಾಠ ಮಾಡ್ತಾರೆ. 'ಇಂಟಿಗ್ರೇಟೆಡ್' ಅಂತ ಅದಕ್ಕೆ ಚಂದದ ಹೆಸರು. ಫೀಸು ಎಷ್ಟು ಅಂತ ನಿಮ್ಮ ಪಕ್ಕದ ಮನೆಯವರನ್ನು ಕೇಳಿ, ಹೇಳ್ತಾರೆ. ಕೇಳಿದ ಮೇಲೆ ಒಂದು ಲೋಟ ನೀರು ಕುಡೀರಿ.

ಅಂದರೆ ಏನಾಯ್ತು ನೋಡಿ. ದುಡ್ಡಿದ್ದವರ ಮಕ್ಕಳು ಆಗಲೇ ಎರಡು ಸಂಸ್ಥೆಯಲ್ಲಿ ಓದುತ್ತಿದ್ದಾರೆ. ಒಂದು ಕಡೆ ಹೆಸರು, ಇನ್ನೊಂದು ಕಡೆ ಪಾಠ. ಅವರಿಗೆ ಯಾವ ಗೋಡೆಯೂ ಅಡ್ಡ ಬಂದಿಲ್ಲ. 'ಯಾವ ರಿಜಿಸ್ಟರ್' ಅಂತ ಅವರನ್ನು ಯಾರೂ ಗೇಟಿನಲ್ಲಿ ನಿಲ್ಲಿಸಿಲ್ಲ. ನಿಲ್ಲಿಸಿದ್ದು ಯಾರನ್ನು? ಸರ್ಕಾರಿ ಶಾಲೆಯ ಮಗುವನ್ನು. ಎದೆಮಟ್ಟದ ಗೋಡೆಯ ಆಚೆ, ಅದೇ ಸರ್ಕಾರದ ಹಣದಲ್ಲಿ ತಂದ ಮಷೀನನ್ನು ನೋಡುತ್ತಾ ನಿಂತ ಮಗುವನ್ನು.

ಆ ಮಷೀನ್ ಎಲ್ಲಿಂದ ಬಂತು ಅಂತಲೂ ಹೇಳಿಬಿಡ್ತೀನಿ. ಕರ್ನಾಟಕದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಿದರು. ಒಟ್ಟು ಖರ್ಚು 4,000 ಕೋಟಿಗೂ ಹೆಚ್ಚು. 2022ರ ಜೂನ್‌ನಲ್ಲಿ ಪ್ರಧಾನಿಯವರೇ ಬಂದು ಲೋಕಾರ್ಪಣೆ ಮಾಡಿದರು. ಒಳ್ಳೆಯ ಕೆಲಸ. ಅದನ್ನು ಟೀಕೆ ಮಾಡ್ತಿಲ್ಲ. ಇಂಜಿನಿಯರಿಂಗ್‌ನಲ್ಲಿ ನಮಗೆ ಒಂದು ವಿಷಯ ಮೊದಲೇ ಹೇಳಿಕೊಡ್ತಾರೆ: ದುಬಾರಿ ಮಷೀನ್ ಓಡಿದರೆ ಮಾತ್ರ ಲಾಭ, ನಿಂತರೆ ಪ್ರತಿ ಗಂಟೆಯೂ ನಷ್ಟ. ಅದಕ್ಕೆ 'ಐಡಲ್ ಟೈಮ್' ಅಂತಾರೆ. ಐಟಿಐ ಮಕ್ಕಳ ತರಗತಿ ಮುಗಿದ ಮೇಲೆ, ರಜಾ ದಿನಗಳಲ್ಲಿ, ಆ ಶೆಡ್‌ನ ಐಡಲ್ ಟೈಮ್ ಎಷ್ಟು? ಗೋಡೆ ಈಚೆ ಒಂಬತ್ತನೇ ಕ್ಲಾಸಿನ ಮಗುವಿನ ಐಡಲ್ ಟೈಮ್ ಎಷ್ಟು? ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದವರು ಯಾರಾದರೂ ಇದ್ದಾರಾ?

ಇದ್ದಾರೆ. ಬಹಳ ಹಿಂದೆಯೇ ಇದ್ದರು. 1964ರಿಂದ 66ರವರೆಗೆ ಡಿ. ಎಸ್. ಕೊಠಾರಿ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಆಯೋಗ ಕೆಲಸ ಮಾಡಿತು. ಅವರು ಆಗಲೇ ಹೇಳಿದ್ದರು: ಒಂದೊಂದು ಶಾಲೆಯನ್ನೂ ಒಂಟಿ ದ್ವೀಪ ಮಾಡಬೇಡಿ, ಒಂದು ಪ್ರೌಢಶಾಲೆ ಮತ್ತು ಸುತ್ತಲಿನ ಶಾಲೆಗಳನ್ನು ಸೇರಿಸಿ ಒಂದು ಸಂಕುಲ ಮಾಡಿ, ಲ್ಯಾಬು, ಲೈಬ್ರರಿ, ಮೇಷ್ಟ್ರು ಎಲ್ಲವನ್ನೂ ಹಂಚಿಕೊಳ್ಳಲಿ ಅಂತ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನೇ ಮತ್ತೆ ಬರೆಯಿತು. ಐದರಿಂದ ಹತ್ತು ಕಿಲೋಮೀಟರ್ ಸುತ್ತಳತೆಯ ಶಾಲೆಗಳು ಒಂದು ಸಂಕುಲ. ಕೊಠಾರಿ ಆಯೋಗದ ಈ ಸಲಹೆ ಜಾರಿಯಾಗದೇ ಉಳಿಯಿತು ಅಂತ ಆ ನೀತಿಯಲ್ಲೇ ಒಪ್ಪಿಕೊಂಡಿದ್ದಾರೆ. ನಮ್ಮ ರಾಜ್ಯ ಸರ್ಕಾರ ಆ ನೀತಿ ಬೇಡ ಅಂತು. ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ನಮ್ಮದೇ ಆಯೋಗ ಮಾಡಿತು. ಅವರು 2025ರ ಆಗಸ್ಟ್‌ನಲ್ಲಿ ವರದಿಯನ್ನೂ ಕೊಟ್ಟರು. ಯಾವ ನೀತಿ ಸರಿ, ಯಾವುದು ತಪ್ಪು ಅನ್ನೋ ಜಗಳ ಈ ಸ್ಟುಡಿಯೋದಲ್ಲೇ ಎಷ್ಟೋ ರಾತ್ರಿ ನಡೆದಿದೆ. ಆದರೆ ಪಕ್ಕದ ಲ್ಯಾಬ್‌ನ ಬಾಗಿಲು ತೆಗೆಯೋದು ಯಾವ ಪಕ್ಷದ ಸಿದ್ಧಾಂತ ಹೇಳಿ ನೋಡೋಣ? ಕೊಠಾರಿಯವರು ಹೇಳಿ ಅರವತ್ತು ವರ್ಷ ಆಗ್ತಾ ಬಂತು.

ನಮ್ಮ ನೆಲದಲ್ಲೂ ಬಾಗಿಲು ತೆಗೆದವರಿದ್ದಾರೆ ಅನ್ನೋದನ್ನು ಮರೆಯಬಾರದು. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನದ ಉಪನ್ಯಾಸ. ಯಾರು ಬೇಕಾದರೂ ಬಂದು ಕೂತು ಕೇಳಬಹುದು. ನೀನು ಯಾವ ಕಾಲೇಜು ಅಂತ ಬಾಗಿಲಲ್ಲಿ ಕೇಳೋ ಪದ್ಧತಿಯೇ ಇಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರವಿದೆ. ಅಲ್ಲಿ ಹೈಸ್ಕೂಲು, ಪಿಯು ಕಾಲೇಜಿನ ವಿಜ್ಞಾನ ಶಿಕ್ಷಕರು ಹೋಗಿ ಉಳಿದು, ಪ್ರಯೋಗ ಮಾಡಿ ಕಲಿತು ಬರ್ತಾರೆ. ದೇಶದ ಅತಿ ದೊಡ್ಡ ವಿಜ್ಞಾನ ಸಂಸ್ಥೆ ಹಳ್ಳಿ ಶಾಲೆಯ ಮೇಷ್ಟ್ರಿಗೆ ಲ್ಯಾಬ್ ತೆಗೆದುಕೊಡಬಹುದು ಅಂದಮೇಲೆ, ತಾಲ್ಲೂಕಿನ ಐಟಿಐ ಪಕ್ಕದ ಶಾಲೆಯ ಮಗುವಿಗೆ ಯಾಕೆ ತೆಗೆದುಕೊಡಬಾರದು?

ತೊಂದರೆ ಎಲ್ಲಿದೆ ಅಂತ ನಾನು ಒಂದಷ್ಟು ಜನರನ್ನು ಕೇಳಿದೆ. ಯಾರೂ ಕೆಟ್ಟವರಲ್ಲ. ತೊಂದರೆ ಇರೋದು ಜೋಡಣೆಯಲ್ಲಿ. ಪ್ರೌಢಶಾಲೆ ಶಾಲಾ ಶಿಕ್ಷಣ ಇಲಾಖೆಯದು. ಐಟಿಐ ಕೌಶಲ್ಯಾಭಿವೃದ್ಧಿ ಇಲಾಖೆಯದು. ಪಾಲಿಟೆಕ್ನಿಕ್, ಡಿಗ್ರಿ ಕಾಲೇಜು ಉನ್ನತ ಶಿಕ್ಷಣ ಇಲಾಖೆಯವು. ಮೂವರು ಮಂತ್ರಿ, ಮೂರು ಕಾರ್ಯದರ್ಶಿ, ಮೂರು ಕಡತ. ಎರಡು ಒಳ್ಳೆಯ ಉಪಕರಣ ತಂದಿಟ್ಟು, ಮಧ್ಯೆ ವೈರ್ ಎಳೆಯೋದನ್ನೇ ಮರೆತ ಹಾಗೆ.

ಅವರು ಹೇಳಿದ ಆಕ್ಷೇಪಗಳನ್ನೂ ಕೇಳಿ, ಅವೂ ಸುಳ್ಳಲ್ಲ. ಒಂದು, ಸುರಕ್ಷತೆ. ಮಷೀನ್ ಹತ್ತಿರ ಮಕ್ಕಳನ್ನು ಬಿಡೋದು ಹುಡುಗಾಟವಲ್ಲ. ಸರಿ. ಆದರೆ ಐಟಿಐಗೆ ಸೇರೋಕೆ ಕನಿಷ್ಠ ವಯಸ್ಸೇ ಹದಿನಾಲ್ಕು. ಒಂಬತ್ತು, ಹತ್ತನೇ ಕ್ಲಾಸಿನ ಬಹುಪಾಲು ಮಕ್ಕಳ ವಯಸ್ಸು ಎಷ್ಟು? ಮೊದಲು ನೋಡಲಿ, ಅಳತೆ ಹಿಡಿಯೋದು ಕಲಿಯಲಿ, ಡ್ರಾಯಿಂಗ್ ಓದೋದು ಕಲಿಯಲಿ, ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡಲಿ. ಕೊರೆಯೋ ಕೆಲಸ ಬೋಧಕರು ಮುಂದೆ ನಿಂತು ಮಾಡಲಿ. ಎರಡು, ಮೇಷ್ಟ್ರಿಗೆ ಹೆಚ್ಚುವರಿ ಕೆಲಸ. ಹೌದು. ಅದಕ್ಕೆ ಗೌರವಧನ ಕೊಡಬೇಕು. ಪುಕ್ಕಟೆ ದುಡಿಸಿದರೆ ನನ್ನ ಮೇಷ್ಟ್ರ ಐದು ಶನಿವಾರದ ಹಾಗೆ ಐದು ವಾರಕ್ಕೆ ನಿಂತುಹೋಗುತ್ತೆ. ಮೂರು, ಬಸ್ಸು. ಇದು ಹೆಣ್ಣುಮಕ್ಕಳ ಪ್ರಶ್ನೆ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಪಾಠ ಅಂದರೆ, ಹಳ್ಳಿಗೆ ಹೋಗೋ ಬಸ್ಸು ತಪ್ಪುತ್ತೆ. ಬಸ್ಸು ತಪ್ಪಿದರೆ ಮರುದಿನ ಮನೆಯಲ್ಲಿ 'ಶಾಲೆಗೇ ಬೇಡ' ಅಂತಾರೆ. ಅದಕ್ಕೇ ಇದು ಶಾಲೆಯ ವೇಳಾಪಟ್ಟಿಯ ಒಳಗೇ ಇರಬೇಕು, ಹೊರಗೆ ಅಲ್ಲ. ನಾಲ್ಕು, ಶಾಲೆಯಲ್ಲಿರೋ ಪಾಠಕ್ಕೇ ಮೇಷ್ಟ್ರಿಲ್ಲ, ಪಕ್ಕದ ಮನೆಯ ಊಟದ ಮಾತೇಕೆ ಅಂತ ಒಬ್ಬರು ಹಿರಿಯರು ಕೇಳಿದರು. ಈ ಮಾತು ನನ್ನನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ನಿಜ. ಇದನ್ನು ನೆಪ ಮಾಡಿಕೊಂಡು ಖಾಲಿ ಹುದ್ದೆ ತುಂಬದೇ ಬಿಟ್ಟರೆ ಅದು ಮೋಸ. ಪಕ್ಕದ ಸಂಸ್ಥೆಯಲ್ಲಿ ಸಿಗೋದು ಶಾಲೆಯ ಪಾಠಕ್ಕೆ ಸೇರ್ಪಡೆ ಆಗಬೇಕು. ಬದಲಿ ಆಗಬಾರದು.

ಹಾಗಾದರೆ ಏನು ಮಾಡಬಹುದು? ಬೆಂಗಳೂರಿನಲ್ಲಿ ಕೂತು ಇಡೀ ರಾಜ್ಯಕ್ಕೆ ಯೋಜನೆ ಮಾಡಿ, ಲೋಗೋ ಮಾಡಿ, ಉದ್ಘಾಟನೆ ಮಾಡೋದು ಬೇಡ. ಜಿಲ್ಲೆಗೆ ಒಂದು ತಾಲ್ಲೂಕು ಸಾಕು. ಶಾಲೆಗೆ ನಡೆದು ಹೋಗೋ ದೂರದಲ್ಲಿ ಐಟಿಐಯೋ, ಪಾಲಿಟೆಕ್ನಿಕ್ಕೋ, ಡಿಗ್ರಿ ಕಾಲೇಜೋ ಇರೋ ಕಡೆ ಶುರು ಮಾಡಲಿ. ವಾರಕ್ಕೆ ಒಂದು ಅರ್ಧ ದಿನ. ಶಾಲೆಯ ಒಬ್ಬರು ಶಿಕ್ಷಕರು ಜೊತೆಗೆ ಹೋಗಲಿ. ಎರಡೂ ಕಡೆ ಹಾಜರಾತಿ ಬೀಳಲಿ. ವರ್ಷದ ಕೊನೆಗೆ ಕಲಿತದ್ದನ್ನು ಅಂಕಪಟ್ಟಿಯಲ್ಲಿ ಒಂದು ಸಾಲು ಬರೆಯಲಿ. ಪಾಸು ಫೇಲು ಬೇಡ, ಮಿನ್ನೆಸೋಟದವರು ಎಡವಿದ ಕಡೆ ನಾವೂ ಎಡವೋದು ಬೇಡ. ಮತ್ತೆ, ಮೊದಲ ಮಾರ್ಕಿನ ಮಕ್ಕಳನ್ನೇ ಆರಿಸಿ ಕಳಿಸಬೇಡಿ. ಕೊನೆ ಬೆಂಚಿನವರನ್ನೂ ಕಳಿಸಿ. ಪುಸ್ತಕದಲ್ಲಿ ಸಿಗದ ಬುದ್ಧಿ ಎಷ್ಟೋ ಸಲ ಕೈಯಲ್ಲಿ ಸಿಗುತ್ತೆ.

ಆ ಆರು ಜನರಲ್ಲಿ ನನ್ನ ಗೆಳತಿ ಒಬ್ಬಳಿದ್ದಳು. ನನಗಿಂತ ಚುರುಕು. ಏಳರ ಮಗ್ಗಿಯ ಪ್ರೋಗ್ರಾಂ ನನಗೆ ತಿಳಿಯುವ ಮೊದಲೇ ಅವಳು ಹದಿಮೂರರ ಮಗ್ಗಿ ಬರಿಸಿದ್ದಳು. ಎಸ್‌ಎಸ್‌ಎಲ್‌ಸಿ ಆದಮೇಲೆ ಮನೆಯಲ್ಲಿ ಓದಿಸಲಿಲ್ಲ. ಈಗ ಅವಳು ನಮ್ಮೂರ ಹತ್ತಿರವೇ ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ, ಮಕ್ಕಳ ಸ್ಕಾಲರ್‌ಶಿಪ್, ಸುತ್ತಲಿನ ಹಳ್ಳಿಯವರ ಆನ್‌ಲೈನ್ ಅರ್ಜಿಯೆಲ್ಲ ಅವಳೇ ತುಂಬೋದು. ಮೊನ್ನೆ ಫೋನ್‌ನಲ್ಲಿ ಈ ವಿಷಯ ಹೇಳಿದೆ. ನಕ್ಕಳು. "ಆ ಐದು ಶನಿವಾರದಲ್ಲೇ ಕಣೇ ನಾನು ಕೀಬೋರ್ಡ್ ಕಲ್ತಿದ್ದು, ಅದ್ರಲ್ಲೇ ಇವತ್ತು ಊಟ ಮಾಡ್ತಿದೀನಿ" ಅಂದಳು. ಆಮೇಲೆ ಸ್ವಲ್ಪ ತಡೆದು, "ಇನ್ನೊಂದು ಐದು ಶನಿವಾರ ಇದ್ದಿದ್ರೆ..." ಅಂದಳು. ಮಾತು ಮುಗಿಸಲಿಲ್ಲ. ಅಂಗಡಿಗೆ ಯಾರೋ ಬಂದರು.

ಕೊನೆಯದಾಗಿ ಒಂದು ಮಾತು. ಈ ಕಾರ್ಯಕ್ರಮಕ್ಕೆ ಕೂರುವ ಮೊದಲು ನಾನು ಎರಡು ಫೋನ್ ಮಾಡಿದೆ. ಆ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು, "ಮೇಡಂ, ನಮ್ಮ ಮಕ್ಕಳನ್ನ ಕರ್ಕೊಂಡು ಹೋಗೋಕೆ ನಾನು ತಯಾರು. ಇಲಾಖೆಯಿಂದ ಒಂದು ಲೆಟರ್ ಬೇಕು" ಅಂದರು. ಐಟಿಐ ಪ್ರಾಂಶುಪಾಲರು, "ಕಳಿಸಿ ಮೇಡಂ, ಮಕ್ಕಳು ಬಂದ್ರೆ ನಮಗೂ ಖುಷಿ. ನಮ್ಮ ಇಲಾಖೆಯಿಂದ ಒಂದು ಲೆಟರ್ ಬೇಕು" ಅಂದರು. ಇಬ್ಬರ ಕೊಠಡಿಗಳ ಮಧ್ಯೆ ಇರೋದು ನೂರು ಹೆಜ್ಜೆ. ಆ ನೂರು ಹೆಜ್ಜೆ ನಡೆಯೋಕೆ ಬೆಂಗಳೂರಿನಿಂದ ಎರಡು ಕಾಗದ ಬರಬೇಕು.

ಸಂಬಂಧಪಟ್ಟ ಮಂತ್ರಿಗಳೇ, ಅಧಿಕಾರಿಗಳೇ, ನೀವು ಈ ಕಾರ್ಯಕ್ರಮ ನೋಡ್ತೀರಿ ಅಂತ ನನಗೆ ಗೊತ್ತು, ಬೈದಾಗ ಫೋನ್ ಮಾಡ್ತೀರಲ್ಲ. ಇವತ್ತು ಬೈತಿಲ್ಲ. ಕೇಳ್ತಿದ್ದೀನಿ. ಕೋಟಿ ಬೇಡ, ಕಟ್ಟಡ ಬೇಡ. ಎರಡು ಕಾಗದ ಕೊಡಿ. ಆ ಹುಡುಗಿ ಮುಂದಿನ ಜೂನ್‌ಗೆ ಹತ್ತನೇ ಕ್ಲಾಸು. ಅವಳ ಹೆಸರು ಎರಡು ರಿಜಿಸ್ಟರ್‌ನಲ್ಲಿ ಬರೆಯೋಕೆ ನಮಗೆ ಒಂದೇ ಒಂದು ವರ್ಷ ಸಮಯ ಇದೆ.

ನಿಮ್ಮೂರಿನಲ್ಲೂ ಇಂಥ ಗೋಡೆ ಇದ್ದರೆ ನಮಗೆ ಬರೆದು ತಿಳಿಸಿ. ನಾಳೆ ಇದೇ ಹೊತ್ತಿಗೆ ಸಿಗೋಣ.